ಬಡ್ಡಿಯ ಬದಲು ಒಂದು ಕಾಗದ

ಶಿಗ್ಗಾಂವ
೯ ಜೂನ್ ೨೦೨೪

ಹಾಲವ್ವ ಅಕ್ಕೋರಿಗೆ ನಿಮ್ಮ ಶಿಷ್ಯ ಮಾಲತೇಶನ ನಮಸ್ಕಾರ.

ಮೊದಲನೇ ಕಂತನ್ನು ಶುಕ್ರವಾರ ನಿಮ್ಮ ಬ್ಯಾಂಕ್ ಖಾತೆಗೆ ಹಾಕಿದ್ದೇನೆ. ಅದು ಅಸಲು. ಬಡ್ಡಿ ಈ ಕಾಗದ.

ಆವತ್ತು ಹಿರೇಕೆರೂರಿನಲ್ಲಿ ಕುಬೇರಪ್ಪ ಸಾವ್ಕಾರರ ಗೋವಿನಜೋಳದ ಅಂಗಡಿಯಲ್ಲಿ ಹಿರಿಯರು ಕೂತು, ನನಗೆ ಸಾಲ ಕೊಟ್ಟ ಐದೂ ಮಂದಿಗೆ ತಿಂಗಳು ತಿಂಗಳು ಇಷ್ಟಿಷ್ಟು ಅಂತ ಐದು ವರ್ಷದ ಕಂತು ಗೊತ್ತು ಮಾಡಿದರಲ್ಲ, ಆಗ ಉಳಿದ ನಾಲ್ವರೂ ಬಡ್ಡಿಗಾಗಿ ಜಗ್ಗಾಡಿದರು. ನೀವೊಬ್ಬರೇ, "ನನಗ ಬಡ್ಡಿ ಬ್ಯಾಡ. ಅದರ ಬದಲಿ ತಿಂಗಳಿಗೊಂದು ಕಾಗದ ಬರೀಲಿ, ತನ್ನ ಕೈಯಾಗ" ಅಂದಿರಿ. ಎಲ್ಲರೂ ನಕ್ಕರು. "ಅಕ್ಕೋರು ರಿಟೈರ್ ಆದ್ರೂ ಹೋಮ್‌ವರ್ಕ್ ಬಿಡವಲ್ರು" ಅಂತ ಕುಬೇರಪ್ಪನವರು ಚೇಷ್ಟೆ ಮಾಡಿದರು. ನಾನೂ ನಕ್ಕೆ. ಈಗ ಪೆನ್ನು ಹಿಡಿದು ಕೂತರೆ ಬೆವರು ಬಿಡುತ್ತಿದೆ. ಚಿಕ್ಕೇರೂರು ಶಾಲೆಯಲ್ಲಿ ನಿಮ್ಮ ಮುಂದೆ ಪಾಟಿ ಹಿಡಿದು ನಿಂತ ಹಾಗೆ ಆಗಿದೆ.

ನನ್ನ ಪೆಂಡಾಲ್ ಅಂಗಡಿ ಮುಚ್ಚಿ ಇಲ್ಲಿ ಒಂದು ಕಾಳಿನ ಗೋದಾಮಿನಲ್ಲಿ ಕೆಲಸಕ್ಕಿದ್ದೇನೆ. ತೂಕ ಬರೆಯುವುದು, ಚೀಲದ ಬಾಯಿ ಹೊಲಿಯುವುದು. ಹೆದ್ದಾರಿ ಪಕ್ಕದಲ್ಲೇ ರೂಮು. ಮನೆಯವಳು ಮಾಲಾ ಅರಾಮ ಇದ್ದಾಳೆ. ನಿನ್ನೆ ಎಣ್ಣೆಗಾಯಿ ಮಾಡಿದ್ದಳು. ನಿಮಗೆ ನಮಸ್ಕಾರ ತಿಳಿಸು ಅಂದಿದ್ದಾಳೆ.

ಇನ್ನೇನು ಬರೆಯಬೇಕೋ ತಿಳಿಯದು.

ಮಾಲತೇಶ


ಹಾನಗಲ್ಲ
೧೮ ಜೂನ್ ೨೦೨೪

ಮಾಲತೇಶ,

ಬಡ್ಡಿ ಮುಟ್ಟಿತು. "ಇನ್ನೇನು ಬರೆಯಬೇಕೋ ತಿಳಿಯದು" ಅಂತ ಮುಗಿಸಿದ್ದೀಯಲ್ಲ, ನಾಲ್ಕನೇ ಇಯತ್ತೆಯಲ್ಲಿ "ನಮ್ಮ ಊರು" ನಿಬಂಧದ ಕೊನೆಗೂ ನೀನು ಇದನ್ನೇ ಬರೆದಿದ್ದೆ. ಆಗ ಬೈದಿದ್ದೆ, ಈಗಲೂ ಬೈಯುತ್ತೇನೆ. ಗೋದಾಮಿನಲ್ಲಿ ಯಾರಿದ್ದಾರೆ, ಏನು ಮಾತಾಡುತ್ತಾರೆ, ಬೀದಿಯಲ್ಲಿ ಏನು ಕಾಣುತ್ತದೆ, ಬರೆ.

ಕಾಗದ ಯಾಕೆ ಕೇಳಿದೆ ಎಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಹೇಳುತ್ತೇನೆ ಕೇಳು. ನನಗೆ ಕಿವಿ ಮಂದವಾಗಿದೆ. ಎದುರಿಗೆ ಮುಖ ಕಂಡರೆ ತುಟಿ ನೋಡಿ ಮಾತು ಹಿಡಿಯುತ್ತೇನೆ. ನೌಕರಿಯ ಕೊನೆಯ ವರ್ಷಗಳಲ್ಲಿ ಮಗ್ಗಿ ಒಪ್ಪಿಸುವ ಮಕ್ಕಳ ಬಾಯನ್ನು ಹಾಗೆಯೇ ಓದುತ್ತಿದ್ದೆ, ಹೆಡ್ ಮಾಸ್ತರಿಗೂ ಗೊತ್ತಾಗಲಿಲ್ಲ. ಫೋನಿಗೆ ಮುಖ ಎಲ್ಲಿಂದ ಬರಬೇಕು? ಅದಕ್ಕೇ ಫೋನು ಕಪಾಟಿನಲ್ಲಿದೆ.

ನನ್ನ ಚಿಂತೆ ಮಾಡಬೇಡ. ನನ್ನ ಮೈದುನನ ಮಗ ಬಸವೇಶ ಇಲ್ಲೇ ಎರಡು ಓಣಿ ಆಚೆ ಇದ್ದಾನೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದಿನಾ ಬರುತ್ತಾನೆ. ಮನೆಯಲ್ಲಿ ಗದ್ದಲವೋ ಗದ್ದಲ.

ಹಾಲವ್ವ


ಶಿಗ್ಗಾಂವ
೧೫ ಸೆಪ್ಟೆಂಬರ್ ೨೦೨೪

ಅಕ್ಕೋರಿಗೆ ನಮಸ್ಕಾರ.

ನೀವು ಬೈದ ಮೇಲೆ ಇದು ಮೂರನೇ ಕಾಗದ. ಕಣ್ಣು ಬಿಟ್ಟುಕೊಂಡು ಓಡಾಡುತ್ತಿದ್ದೇನೆ. ಕಾಗದಕ್ಕೆ ಏನಾದರೂ ಸಿಗಬೇಕಲ್ಲ.

ಗೋದಾಮಿನಲ್ಲಿ ಇಜಾಜ ಅಂತ ಒಬ್ಬ ಹಮಾಲ ಇದ್ದಾನೆ. ಚೀಲ ಹೊತ್ತಾಗ ಹಾಡುತ್ತಾನೆ, ಇಳಿಸಿದಾಗ ನಿಲ್ಲಿಸುತ್ತಾನೆ. ಯಾಕೆ ಅಂತ ಕೇಳಿದರೆ, "ಹೊತ್ತಾಗ ಉಸಿರು ಎಲ್ಲಿಗೆ ಹೋಕ್ಕೈತೋ ನೋಡ್ಕೋಬೇಕಲ್ರೀ" ಅನ್ನುತ್ತಾನೆ. ನನಗೆ ಅರ್ಥ ಆಗಲಿಲ್ಲ. ನಿಮಗೆ ಆಗಬಹುದು. ಮೊನ್ನೆ ಹೆದ್ದಾರಿಯಲ್ಲಿ ಒಂದು ಲಾರಿ ಪೆಂಡಾಲ್ ಸಾಮಾನು ತುಂಬಿಕೊಂಡು ಹೋಯಿತು. ಬಟ್ಟೆಯ ಬಣ್ಣ ಸಹಿತ ನಮ್ಮದರ ಹಾಗೇ ಇತ್ತು. ಲಾರಿ ಕಣ್ಣಿಗೆ ಮರೆಯಾಗುವ ತನಕ ಕೈಯಲ್ಲಿ ಸೂಜಿ ಹಿಡಿದು ನಿಂತಿದ್ದೆ. ಊರಿಗೊಂದು ಕಲ್ಯಾಣ ಮಂಟಪ ಆದ ಮೇಲೂ ಯಾರೋ ಎಲ್ಲೋ ಮನೆ ಮುಂದೆ ಪೆಂಡಾಲ್ ಹಾಕಿಸುತ್ತಿದ್ದಾರೆ ಅಂತಾಯಿತು. ನಾನು ಸಾಲ ಮಾಡಿ ಹೊಸ ಸಾಮಾನು ತಂದದ್ದು ಪೂರಾ ಹುಚ್ಚುತನವೇನಲ್ಲ ಅನಿಸಿ ಸ್ವಲ್ಪ ಹಗುರಾಯಿತು.

ಮಾಲಾ ಗಣಪತಿ ಹಬ್ಬಕ್ಕೆ ಕರಿಗಡುಬು ಮಾಡಿದಳು. ಹೂರಣ ಸ್ವಲ್ಪ ನೀರಾಗಿತ್ತು. ನಾನು ಚೇಷ್ಟೆ ಮಾಡಿದ್ದಕ್ಕೆ ಸಿಟ್ಟಾಗಿ ಮಾತು ಬಿಟ್ಟಳು, ಸಂಜೆಗೆ ಮತ್ತೆ ಆಡಿದಳು.

ಬಸವೇಶಪ್ಪನವರ ಮಕ್ಕಳು ನಿಮ್ಮನ್ನು ಓದಲು ಬಿಡುತ್ತಾರೋ ಇಲ್ಲವೋ. ನನ್ನ ಕಾಗದ ಉದ್ದವಾದರೆ ಹೇಳಿರಿ.

ಮಾಲತೇಶ


ಹಾನಗಲ್ಲ
೩ ನವೆಂಬರ್ ೨೦೨೪

ಮಾಲತೇಶ,

ಉದ್ದವಾಯಿತು ಅಂತ ಯಾವ ಮಾಸ್ತರರೂ ಬೈದದ್ದನ್ನು ನಾನು ಕೇಳಿಲ್ಲ. ಇನ್ನೂ ಬರೆ.

ಇಜಾಜನ ಮಾತು ನನಗೆ ಅರ್ಥವಾಯಿತು, ಭಾರ ಹೊತ್ತವನಿಗೆ ತನ್ನ ಉಸಿರು ನಿಂತಿಲ್ಲ ಎಂದು ಕೇಳಿಸಿಕೊಳ್ಳಬೇಕಾಗುತ್ತದೆ. ಅವನನ್ನು ಬಿಡಿಸಿ ಕೇಳಬೇಡ, ಆಮೇಲೆ ಹಾಡುವುದನ್ನೇ ನಿಲ್ಲಿಸಿಬಿಟ್ಟಾನು.

ಮಾಲಾಗೆ ಹೇಳು, ಬೇಳೆ ಬಸಿದ ಮೇಲೆ ಬೆಲ್ಲ ಹಾಕಿ ಮತ್ತೆ ಒಲೆಯ ಮೇಲೆ ಇಟ್ಟು ಕೈ ಬಿಡದೆ ತಿರುವಬೇಕು. ಹೂರಣ ನೀರಾಗುವುದು ಅವಸರಕ್ಕೆ. ಮತ್ತೆ, ಹೆಂಡತಿಯ ಅಡುಗೆಗೆ ಚೇಷ್ಟೆ ಮಾಡುವ ಮೊದಲು ತಾಟು ಖಾಲಿ ಮಾಡಬೇಕು. ನಮ್ಮ ಯಜಮಾನರಿಗೆ ಇದು ಕೊನೆಯ ತನಕ ತಿಳಿಯಲಿಲ್ಲ.

ದೀಪಾವಳಿಗೆ ಬಸವೇಶನ ಮಕ್ಕಳು ಅಂಗಳದ ತುಂಬ ಪಟಾಕಿ ಹಚ್ಚಿದರು. ನನಗೆ ಕಿವಿ ಕೇಳದಿರುವುದೇ ಒಳ್ಳೆಯದಾಯಿತು. ನಿನ್ನ ಕಾಗದ ಬಂದ ದಿನ ಅಂಚೆಯವನಿಗೆ ಚಹಾ ಕೊಟ್ಟೆ. ಅವನಿಗೂ ಈಗ ನಿನ್ನ ಅಕ್ಷರದ ಗುರುತು ಹತ್ತಿದೆ.

ಹಾಲವ್ವ


ಶಿಗ್ಗಾಂವ
೨೩ ಫೆಬ್ರುವರಿ ೨೦೨೫

ಅಕ್ಕೋರಿಗೆ,

ಕಂತು ತಡವಾಗಿದ್ದಕ್ಕೆ ತಪ್ಪು ತಿಳಿಯಬಾರದು. ಹಾಕಿದ್ದೇನೆ. ಇಲ್ಲಿ ಕೆಲಸ ಬಹಳ. ಎಲ್ಲರೂ ಅರಾಮ. ಮಾಲಾ ಅರಾಮ.

ಮಾಲತೇಶ


ಹಾನಗಲ್ಲ
೨೨ ಏಪ್ರಿಲ್ ೨೦೨೫

ಮಾಲತೇಶ,

ಮಾರ್ಚಿನ ದುಡ್ಡು ಬಂತು, ಕಾಗದ ಬರಲಿಲ್ಲ. ಏಪ್ರಿಲ್ಲಿನ ದುಡ್ಡೂ ಬಂತು, ಕಾಗದ ಇಲ್ಲ. ಬ್ಯಾಂಕಿನ ಹುಡುಗಿ ಪಾಸ್‌ಬುಕ್ಕು ತೋರಿಸಿ, "ಬಂದೈತಿ ನೋಡ್ರಿ ಅಜ್ಜಿ" ಅಂದಳು. ಬಂದಿಲ್ಲ ಅಂತ ಅವಳ ಮೇಲೆ ರೇಗಿದೆ. ಅವಳಿಗೆ ಪಾಪ ಏನೂ ತಿಳಿಯಲಿಲ್ಲ.

ನಿನಗೆ ಕಷ್ಟವಿದ್ದರೆ ದುಡ್ಡು ನಿಲ್ಲಿಸು. ಕಾಗದ ನಿಲ್ಲಿಸಬೇಡ. ಕುಬೇರಪ್ಪನವರ ಅಂಗಡಿಯಲ್ಲಿ ನಾನು ಕೇಳಿದ್ದು ಅದೊಂದೇ.

ಹಾಲವ್ವ


ಶಿಗ್ಗಾಂವ
೧೧ ಮೇ ೨೦೨೫

ಅಕ್ಕೋರಿಗೆ ನಮಸ್ಕಾರ.

ಇದನ್ನು ಬರೆಯಲು ಬಹಳ ದಿನದಿಂದ ಹೆದರಿದ್ದೆ.

ಹಿರಿಯರು ಹಾಕಿಕೊಟ್ಟ ಕಂತು ನನ್ನಿಂದ ಆಗುತ್ತಿಲ್ಲ. ದಸರಾದಿಂದಲೇ ಆಗಿರಲಿಲ್ಲ. ನಿಮಗೆ, ಕುಬೇರಪ್ಪನವರಿಗೆ, ಉಳಿದವರಿಗೆ ಕೊಡಲು ಇಲ್ಲಿ ವಾರದ ಬಡ್ಡಿಗೆ ತಂದೆ. ಅದನ್ನು ತೀರಿಸಲು ಮತ್ತೊಬ್ಬನ ಹತ್ತಿರ ತಂದೆ. ಒಂದು ಗುಂಡಿ ತೋಡಿ, ಆ ಮಣ್ಣಿನಿಂದ ಇನ್ನೊಂದು ಗುಂಡಿ ಮುಚ್ಚಿದಂತೆ ಆಯಿತು. ಐದು ಇದ್ದ ಸಾಲದವರು ಏಳಾದರು. ಅವರು ಗೋದಾಮಿಗೇ ಬಂದು ಕೂಡುತ್ತಾರೆ.

ಇಜಾಜ ತನಗೆ ಪರಿಚಯದ ಸುನೀಲ ವಕೀಲರ ಹತ್ತಿರ ಕರೆದುಕೊಂಡು ಹೋದ. ಅವರು ಎಲ್ಲ ಕೇಳಿ, "ಇದು ಕಂತಿನಾಗ ಮುಗಿಯೂದಲ್ಲಪ್ಪ. ಕೋರ್ಟಿಗೆ ದಿವಾಳಿ ಅರ್ಜಿ ಹಾಕು" ಅಂದರು. ನನ್ನ ಹತ್ತಿರ ಏನಿದೆಯೋ ಅದನ್ನು ಕೋರ್ಟು ತೆಗೆದುಕೊಂಡು, ಹರಾಜು ಹಾಕಿ, ಎಲ್ಲರಿಗೂ ಅವರವರ ಪಾಲಿನಂತೆ ಹಂಚುತ್ತದೆ. ಪೆಂಡಾಲಿನ ಕಂಬ, ಬಟ್ಟೆ, ಕುರ್ಚಿ ಬಿಟ್ಟರೆ ನನ್ನ ಹತ್ತಿರ ಏನೂ ಇಲ್ಲ. ಬಹಳ ಕಡಿಮೆ ಬರುತ್ತದೆ ಅಕ್ಕೋರ. ಉಳಿದ ಸಾಲದಿಂದ ಕಡೆಗೆ ಕೋರ್ಟೇ ನನ್ನನ್ನು ಬಿಡಿಸುತ್ತದೆ ಅಂತೆ. ಅಂದರೆ ನಿಮ್ಮ ನಿವೃತ್ತಿಯ ದುಡ್ಡು ನಿಮಗೆ ಪೂರಾ ಬರುವುದಿಲ್ಲ. ಇದನ್ನು ವಕೀಲರು ಹೇಳಿದ್ದಲ್ಲ, ನಾನೇ ಹೇಳುತ್ತಿದ್ದೇನೆ.

ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ಟರೆ ಅರ್ಜಿಗೆ ತೊಂದರೆ. ಅದಕ್ಕೆ ಇನ್ನು ಮುಂದೆ ಯಾರಿಗೂ ಒಂದು ರೂಪಾಯಿ ಕೊಡುವ ಹಾಗಿಲ್ಲ. ಸಾಲ ಕೊಟ್ಟವರ ಜೊತೆ ಮಾತು, ಪತ್ರ ಏನೂ ಬೇಡ, ಏನಿದ್ದರೂ ತಮ್ಮ ಮೂಲಕ ಅಂತ ವಕೀಲರು ಕಟ್ಟುನಿಟ್ಟಾಗಿ ಹೇಳಿದ್ದಾರೆ. "ಆ ಅಕ್ಕೋರಿಗೆ ಕಾಗದ ಅಷ್ಟ ಬರೀತೇನ್ರಿ" ಅಂದೆ. "ಬಡ್ಡಿ ಬದಲಿ ಅಂತ ಹಿರಿಯರ ಮುಂದ ಒಪ್ಪೀದಿ ಅಂದ್ರ ಅದೂ ಬಡ್ಡಿನ" ಅಂದರು.

ನಿಮಗೆ ಕೋರ್ಟಿನಿಂದ ನೋಟೀಸು ಬರುತ್ತದೆ. ಹೆದರಬೇಡಿರಿ. ಬಸವೇಶಪ್ಪನವರಿಗೆ ಓದಲು ಕೊಡಿರಿ. ಅವರು ಇರುವುದೇ ನನಗೆ ಒಂದು ಸಮಾಧಾನ.

ಇದು ಸದ್ಯಕ್ಕೆ ಕಡೆಯ ಕಾಗದ.

ಮಾಲತೇಶ


ಹಾನಗಲ್ಲ
೨೦ ಜುಲೈ ೨೦೨೫

ಮಾಲತೇಶ,

ನೋಟೀಸು ಬಂತು. ಅಂಚೆಯವನು ಸಹಿ ಮಾಡಿಸಿಕೊಂಡ. ನಿನ್ನ ಕಾಗದ ಅಂದುಕೊಂಡು ಚಹಾ ಇಟ್ಟಿದ್ದೆ.

ಅದರಲ್ಲಿ ನನ್ನ ಹೆಸರಿನ ಮುಂದೆ "ಎದುರುದಾರಳು ನಂಬರ್ ೫" ಅಂತ ಇದೆ. ನಿನಗೆ ಅಕ್ಷರ ಕಲಿಸಿದವಳು ನಿನ್ನ ಎದುರುದಾರಳು. ಆಗಲಿ. ಕಾಯದೆಯ ಭಾಷೆಗೆ ಬೇರೆ ಪದ ಇರಲಿಕ್ಕಿಲ್ಲ.

ಸೆಪ್ಟೆಂಬರ್ ಹದಿನೈದಕ್ಕೆ ಹಾವೇರಿ ಕೋರ್ಟಿನಲ್ಲಿ ಹಾಜರಾಗಿ, ತಕರಾರಿದ್ದರೆ ಹೇಳು ಅಂತ ಬರೆದಿದ್ದಾರೆ. ಬರುತ್ತೇನೆ. ಹೇಳುವುದನ್ನು ಅಲ್ಲಿಯೇ ಹೇಳುತ್ತೇನೆ. ನೀನು ಉತ್ತರ ಬರೆಯಬಾರದು ಅಂತ ಗೊತ್ತಿದೆ, ಅದಕ್ಕೆ ಏನೂ ಕೇಳುವುದಿಲ್ಲ.

ಹಾಲವ್ವ


ಹಾನಗಲ್ಲ
೧೭ ಸೆಪ್ಟೆಂಬರ್ ೨೦೨೫

ಮಾಲತೇಶ,

ಸೋಮವಾರ ಮೊದಲನೇ ಬಸ್ಸಿಗೇ ಹಾವೇರಿಗೆ ಹೋದೆ. ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದೆ. ನೀನು ಬಾಗಿಲ ಹತ್ತಿರ ವಕೀಲರ ಬೆನ್ನ ಹಿಂದೆ ನಿಂತಿದ್ದೆ. ಬಹಳ ಸೊರಗಿದ್ದೀ. ಅಂಗಿಯ ಮೇಲಿನ ಗುಂಡಿ ಕಿತ್ತಿತ್ತು. ಚೀಲದ ಬಾಯಿ ಹೊಲಿಯುವವನಿಗೆ ತನ್ನ ಗುಂಡಿ ಹೊಲಿದುಕೊಳ್ಳಲು ಆಗಲಿಲ್ಲವೇ ಎಂದು ಮನಸ್ಸಿನಲ್ಲೇ ಬೈದೆ.

ಕೋರ್ಟಿನ ಜವಾನ ಹೊರಗೆ ಬಂದು ಹೆಸರು ಕೂಗಿದ. ನೀನು ತಿಳಿದುಕೊಂಡಿದ್ದೀ, ಈ ಕಿವುಡಿಗೆ ಕೇಳಿಸಲಿಲ್ಲ ಎಂದು. ಕೇಳಿಸಲಿಲ್ಲ ನಿಜ. ನನ್ನ ಕಿವಿ ಮಂದ ಅಂತ ಬರೆದಿದ್ದೆನಲ್ಲ, ಅದೂ ಸುಳ್ಳು, ಪೂರಾ ಹೋಗಿ ಎರಡು ವರ್ಷವಾಗಿದೆ. ಆದರೆ ನಾನು ಆ ಜವಾನನ ಬಾಯಿ ಬಿಟ್ಟು ಬೇರೆ ಕಡೆ ನೋಡಿಯೇ ಇರಲಿಲ್ಲ. ಹಾಲವ್ವ. ಮೂರು ಸಲ ಅಂದ. ಮೂರೂ ಸಲ ನನಗೆ ತಿಳಿಯಿತು.

ನೀನು ನನ್ನ ಕಡೆ ನೋಡಿದೆ. ಆಮೇಲೆ ನಿನ್ನ ಚಪ್ಪಲಿ ನೋಡಿಕೊಂಡು ನಿಂತೆ.

ನಾನು ಯಾಕೆ ಏಳಲಿಲ್ಲ ಗೊತ್ತೇ? ನೀನು ಬರುತ್ತೀ ಎಂದು ಕಾದೆ. ಬಂದು ಭುಜ ಮುಟ್ಟಿ, "ಅಕ್ಕೋರ, ನಿಮ್ಮನ್ನ ಕರ್ಯಾಕತ್ತಾರ" ಅಂತೀಯ ಎಂದು. ಅಷ್ಟಕ್ಕೇ ಕೂತಿದ್ದೆ. ಜವಾನ ಒಳಗೆ ಹೋದ. ಮೂವತ್ತು ವರ್ಷ ಹಾಜರಿ ಕರೆದವಳು ನಾನು, ಎದುರಿಗೆ ಕೂತಿರುವಾಗಲೇ ನನಗೆ ಗೈರುಹಾಜರಿ ಬಿತ್ತು.

ಒಳಗೆ ಹೋಗಿ ನಾನು ಹೇಳಬೇಕೆಂದಿದ್ದದ್ದು ಒಂದೇ ಮಾತು. ನನ್ನ ತಕರಾರು ಇಲ್ಲ, ಈ ಹುಡುಗನನ್ನು ಬಿಡಿಸಿರಿ ಎಂದು. ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡುತ್ತ ಬಂದಿದ್ದೆ, ದನಿ ಎಷ್ಟು ಜೋರಾಗಿ ಬರುತ್ತದೆಯೋ ನನಗೆ ತಿಳಿಯದಲ್ಲ. ಹೇಳದಿದ್ದರೂ ಅದೇ ಆಯಿತು ಬಿಡು. ನಾನು ಬರಲಿಲ್ಲವೆಂದರೆ ತಕರಾರಿಲ್ಲ ಎಂದೇ ಲೆಕ್ಕವಂತೆ. ನಿನಗೇನೂ ನಷ್ಟವಾಗಿಲ್ಲ.

ಇನ್ನೊಂದು. ಇಂಥ ದಿನ ನಿನ್ನ ಪಕ್ಕದಲ್ಲಿ ಮಾಲಾ ಇರಲಿಲ್ಲ. ಸವಣೂರಿನಿಂದ ಬಂದ ಒಬ್ಬ ಹೆಣ್ಣುಮಗಳು ಬೆಂಚಿನ ಮೇಲೆ ಜೊತೆಗಿದ್ದಳು. ನೀನು ಯಾರೆಂದು ಅವಳು ಕೇಳಿದಳು. ನಾನು ಹೇಳಿದ ಮೇಲೆ, "ಅಂವನ ಹೇಂತಿ ನಮ್ಮ ಓಣ್ಯಾಗ ತವರಮನ್ಯಾಗ ಅದಾಳಲ್ರಿ, ಎರಡ ವರ್ಷ ಆಗಾಕ ಬಂತು" ಅಂದಳು. ಅವಳ ತುಟಿ ತಪ್ಪು ಓದಿದೆನೇನೋ ಎಂದು ಮತ್ತೊಮ್ಮೆ ಹೇಳಿಸಿದೆ. ಹಾಗಾದರೆ ಆ ಹೂರಣ ನೀರಾಗಿಸಿದ್ದು ಯಾರು?

ನಿನ್ನನ್ನೇ ಏನು ಅನ್ನಲಿ. ನನ್ನ ಪಕ್ಕದಲ್ಲೂ ಯಾರೂ ಇರಲಿಲ್ಲ, ನೋಡಿರುತ್ತೀ. ಬಸವೇಶ ಎರಡು ಓಣಿ ಆಚೆ ಇರುವುದು ಖರೆ. ಆಸ್ತಿಯ ಮಾತಿಗೆ ಮುನಿದ ಮೇಲೆ ಹೊಸ್ತಿಲು ತುಳಿದಿಲ್ಲ. ಪಟಾಕಿ ಹಚ್ಚಿದ ಮಕ್ಕಳು ಯಾರವೋ, ನನಗೆ ಗೊತ್ತಿಲ್ಲ.

ಇದಕ್ಕೆ ಉತ್ತರ ಬರೆಯುವ ಹಂಗು ಇನ್ನು ನಿನಗಿಲ್ಲ.

ಹಾಲವ್ವ


ಶಿಗ್ಗಾಂವ
೨೩ ನವೆಂಬರ್ ೨೦೨೫

ಅಕ್ಕೋರ,

ಮೊನ್ನೆ ಆರ್ಡರ್ ಆಯಿತು. ನಾನು ದಿವಾಳಿ ಎಂದು ಕೋರ್ಟು ಬರೆದುಕೊಟ್ಟಿತು. ಸಾಮಾನು ಹರಾಜಿಗೆ ಹೋಗುತ್ತದೆ. ವಕೀಲರು ಭುಜ ತಟ್ಟಿ, "ಹಗುರಾದಿ ನೋಡು, ಯಾರಿಗಾದ್ರೂ ಹೇಳಿ ಬಾಯಿ ಸಿಹಿ ಮಾಡ್ಕೋ" ಅಂದರು. ಹೊರಗೆ ಬಂದು ಚಹಾದ ಅಂಗಡಿಯಲ್ಲಿ ಕೂತೆ. ಯಾರಿಗೆ ಹೇಳಬೇಕು ಎಂದು ಯೋಚನೆ ಮಾಡಿದೆ. ನಿಮ್ಮ ಮುಖ ಒಂದೇ ಕಣ್ಣ ಮುಂದೆ ಬಂತು. ಅದೇ ಮುಖಕ್ಕೆ ನಾನು ಏನು ಮಾಡಿದ್ದೇನೆ ಎನ್ನುವುದೂ ಬಂತು. ಚಹಾ ಹಂಗೇ ಬಿಟ್ಟು ಎದ್ದೆ.

ನೀವು ಬರೆದದ್ದೆಲ್ಲ ಖರೆ. "ಹೇಳುವುದನ್ನು ಅಲ್ಲಿಯೇ ಹೇಳುತ್ತೇನೆ" ಅಂತ ಬರೆದಿದ್ದಿರಿ. ನೀವು ತಕರಾರು ಮಾಡುತ್ತೀರಿ ಎಂದೇ ನಾನು ಅಂದುಕೊಂಡೆ. ನಿಮ್ಮ ದುಡ್ಡು, ನಿಮ್ಮ ಹಕ್ಕು. ಜವಾನ ಕೂಗಿದಾಗ ನೀವು ಅಲುಗಾಡಲಿಲ್ಲ. ಇವರಿಗೆ ಕೇಳಿಸಲಿಲ್ಲ, ನಾನು ಉಳಿದೆ ಅನಿಸಿತು. ಅಕ್ಕೋರ, ಆ ಗಳಿಗೆ ನನಗೆ ಸಂತೋಷವೇ ಆಯಿತು. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಂತೋಷ. ಇದನ್ನು ಮುಚ್ಚಿಟ್ಟರೆ ಮತ್ತೊಂದು ಸುಳ್ಳಾಗುತ್ತದೆ ಅಂತ ಬರೆದಿದ್ದೇನೆ. ಎರಡು ತಿಂಗಳು ಬರೆಯಲು ಆಗದೇ ಹೋದದ್ದೂ ಇದೊಂದೇ ಸಾಲಿಗೆ.

ಮಾಲಾ ಅಂಗಡಿ ಮುಚ್ಚಿದ ವಾರವೇ ಹೋದಳು. ಜಗಳ ಏನೂ ಆಗಲಿಲ್ಲ. "ನಿನ್ನ ಸಾಲಕ್ಕ ನಾ ಹೆದರಿಲ್ಲ, ನೀ ನನ್ನ ಮುಂದ ಒಂದ ಮಾತೂ ಹೇಳಲಿಲ್ಲಲ್ಲ, ಅದಕ್ಕ ಹೊಂಟೇನಿ" ಅಂದಳು. ನಿಮಗೆ ಕಾಗದ ಬರೆಯುವಾಗ ಆಕೆ ಏನು ಅಡುಗೆ ಮಾಡಿರಬಹುದು ಎಂದು ಯೋಚಿಸಿ ಬರೆಯುತ್ತಿದ್ದೆ. ಬರೆಯುವಷ್ಟು ಹೊತ್ತು ಆಕೆ ಒಳಗೆ ಪಾತ್ರೆ ಸಪ್ಪಳ ಮಾಡಿದ ಹಾಗೆ ಅನಿಸುತ್ತಿತ್ತು. ಹೂರಣದ ಬಗ್ಗೆ ನೀವು ಬರೆದದ್ದನ್ನು ಓದಿ, ಒಬ್ಬನೇ ಕೂತು, ಮುಂದಿನ ಹಬ್ಬಕ್ಕೆ ಹಂಗೇ ಮಾಡು ಅಂತ ಗೋಡೆಗೆ ಹೇಳಿದ್ದೇನೆ.

ನಿಮ್ಮ ಮನೆ ತುಂಬ ಜನ ಇದ್ದಾರೆ, ಈ ದಿವಾಳಿ ಎದ್ದವನ ಕಾಗದ ಅಲ್ಲಿ ಯಾವ ಮೂಲೆಗೆ ಎಂದುಕೊಂಡಿದ್ದೆ. ನೀವೂ ಒಬ್ಬರೇ ಎಂದು ತಿಳಿದಿದ್ದರೆ ವಕೀಲರ ಮಾತು ಮೀರಿಯಾದರೂ ಬರೆಯುತ್ತಿದ್ದೆನೇನೋ. ಬರೆಯುತ್ತಿದ್ದೆ ಎಂದು ಖಂಡಿತ ಹೇಳಲು ಈಗ ನನಗೆ ಬಾಯಿ ಇಲ್ಲ.

ಕ್ಷಮಿಸಿರಿ ಅಂತ ಕೇಳಲು ಧೈರ್ಯ ಸಾಲುತ್ತಿಲ್ಲ. ರವಿವಾರ ಗೋದಾಮಿಗೆ ಸೂಟಿ. ಹಾನಗಲ್ಲಿಗೆ ಬಂದರೆ ನೀವು ಬಾಗಿಲು ತೆಗೆಯುತ್ತೀರೋ ಇಲ್ಲವೋ, ಅದಷ್ಟು ತಿಳಿಸಿರಿ.

ಮಾಲತೇಶ


ಹಾನಗಲ್ಲ
೨೯ ನವೆಂಬರ್ ೨೦೨೫

ಮಾಲತೇಶ,

ನಾನು ಕ್ಷಮಿಸಿಲ್ಲ. ನಿನಗೆ ಮೊದಲು ಸಂತೋಷವಾಯಿತು ಎನ್ನುವ ಆ ಸಾಲು ಓದಿ ಕಾಗದ ನೆಲಕ್ಕೆ ಒಗೆದೆ. ಸಂಜೆಯ ತನಕ ಅದು ಅಲ್ಲೇ ಬಿದ್ದಿತ್ತು, ಎತ್ತುವವರು ಬೇರೆ ಯಾರಿದ್ದಾರೆ. ಕಡೆಗೆ ನಾನೇ ಬಗ್ಗಿ ಎತ್ತಿ ಮತ್ತೊಮ್ಮೆ ಓದಿದೆ.

ಕೋರ್ಟು ನಿನ್ನನ್ನು ಸಾಲದಿಂದ ಬಿಡಿಸಬಹುದು, ನನ್ನ ಸಿಟ್ಟಿನಿಂದ ಬಿಡಿಸಲು ಅದಕ್ಕೆ ಅಧಿಕಾರವಿಲ್ಲ. ಅದು ಹರಾಜಿಗೂ ಬರುವುದಿಲ್ಲ. ಬೈಯಬೇಕು ನಿನ್ನನ್ನು, ಹೊಟ್ಟೆ ತುಂಬ ಬೈಯಬೇಕು. ಕಾಗದದಲ್ಲಿ ಬೈದರೆ ನನಗೆ ತೃಪ್ತಿಯಾಗುವುದಿಲ್ಲ, ನೀನು ಏನಂತೀ ಎನ್ನುವುದನ್ನು ನಿನ್ನ ಬಾಯಿ ನೋಡಿಯೇ ತಿಳಿಯಬೇಕು. ಯಜಮಾನರು ಹೋದಾಗಿನಿಂದ ಈ ಖಾಲಿ ಮನೆಯ ಮೇಲೆ, ಗೋಡೆಯ ಮೇಲೆ, ಪಾತ್ರೆಯ ಮೇಲೆ ಸಿಟ್ಟು ಮಾಡಿಕೊಂಡು ಸಾಕಾಗಿದೆ. ಒಬ್ಬ ಮನುಷ್ಯನ ಮೇಲೆ ಮಾಡಬೇಕು.

ಬಾಗಿಲು ಬಡಿದರೆ ನನಗೆ ಕೇಳುವುದಿಲ್ಲ, ಅದಕ್ಕೆ ಮುಂದಿನ ರವಿವಾರ ಬೆಳಗಿನಿಂದಲೇ ತೆರೆದಿಟ್ಟಿರುತ್ತೇನೆ. ಹೊರಗೆ ಕಟ್ಟೆಯ ಮೇಲೆ ಕೂಡಬೇಡ. ಸೀದಾ ಒಳಗೆ ಬಂದು ನನ್ನ ಭುಜ ಮುಟ್ಟು.

ಹಾಲವ್ವ